ಹಲಗೆ ನೆಲಕ್ಕೊಂದು ಬಾಯಿ

2025ರ ಯುಗಾದಿ ಕಳೆದ ಮೂರನೆಯ ದಿನ, ಬುಧವಾರ ಬೆಳಿಗ್ಗೆ, ಬಳ್ಳಾರಿಯ ನನ್ನ ಅಕ್ಕನ ಮನೆಯ ಹಾಲ್‌ನ ಹಲಗೆ ನೆಲದಿಂದ ಎರಡಡಿ ಉದ್ದ, ಎರಡಡಿ ಅಗಲದ ಒಂದು ಚೌಕವನ್ನು ಕೊಯ್ದು ತೆಗೆಯಲಾಯಿತು. ಕೊಯ್ದವರು ಕುರುಗೋಡಿನ ಬಡಗಿ. ಐದು ತಿಂಗಳ ಹಿಂದೆ ಆ ನೆಲವನ್ನು ಹಾಸಿದವರೂ ಅವರೇ. ಹಲಗೆಯ ಕೆಳಗೆ ಸಂಪು ಇತ್ತು. ಸಂಪಿನಲ್ಲಿ ನೀರಿತ್ತು. ಮನೆಯ ನಲ್ಲಿಗಳಲ್ಲಿ ಎರಡು ದಿನದಿಂದ ನೀರಿರಲಿಲ್ಲ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಬೇರೆಯವರು ಬರೆದು ಕಳಿಸಿದ ಸುದ್ದಿಯಲ್ಲಿ ಯಾರು ಹೇಳಿದ್ದು, ಯಾರು ಕಂಡಿದ್ದು ಎಂದು ಕೇಳುವುದು ನನ್ನ ಕೆಲಸ. ಈ ಪ್ರಕರಣದ ಬಹುಪಾಲನ್ನು ನಾನೇ ಕಂಡಿದ್ದೇನೆ. ಅದರಲ್ಲಿ ನಡೆದ ಒಂದು ತಪ್ಪಿನಲ್ಲಿ ನನಗೂ ಪಾಲಿದೆ.

ಅಕ್ಕ ಭರತನಾಟ್ಯ ಕಲಿಸುತ್ತಾಳೆ. ಮನೆಯ ಮುಂದಿನ ಹಾಲ್‌ನಲ್ಲಿ ದಿನಾ ಸಂಜೆ ಐದೂವರೆಗೆ ಕ್ಲಾಸು. ಹಾಲ್‌ಗೆ ಮೊದಲು ಇದ್ದದ್ದು ಕಡಪ ಕಲ್ಲಿನ ನೆಲ. ಎಂಟು ವರ್ಷ ಆ ಕಲ್ಲಿನ ಮೇಲೆ ಕಾಲು ತಟ್ಟಿದ ಮೇಲೆ ಅವಳ ಮಂಡಿಗಳು ದೂರು ಕೊಟ್ಟವು. ಮೂಳೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಒಂದೇ ಮಾತು: "ಕಲ್ಲಿನ ಮ್ಯಾಲೆ ಕುಣಿಯಾದು ಬಿಡ್ರಿ. ಇಲ್ಲಂದ್ರ ಕುಣಿಯಾದ ಬಿಡ್ರಿ."

ಅಕ್ಕ ಮೊದಲನೆಯದನ್ನು ಆರಿಸಿಕೊಂಡಳು. ಮರದ ನೆಲ ಹಾಕಿಸಬೇಕು ಎಂದಳು. ಬಳ್ಳಾರಿಯಲ್ಲಿ ಮರವೆಂದರೆ ಬಾಗಿಲು, ಕಿಟಕಿ, ಮಂಚ. ನೆಲಕ್ಕೆ ಕಲ್ಲು ಅಥವಾ ಟೈಲ್ಸು. ಪಕ್ಕದ ಮನೆಯವರು ವಿಷಯ ತಿಳಿದು, "ಬಾಗ್ಲಾ ಯಾಕ್ರಿ ನೆಲಕ್ಕ ಹಾಕಾಕತ್ತೀರಿ?" ಎಂದು ಕೇಳಿದ್ದರು.

ಹಲಗೆ ಸಿಕ್ಕಿದ್ದು ಸಿರುಗುಪ್ಪದಲ್ಲಿ. ಸುದ್ದಿ ಕೊಟ್ಟವರು ಭಾವನ ತಾಯಿ. ಅವರನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತೇವೆ. ಅವ್ವ ಸಿರುಗುಪ್ಪದಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಾರೆ, ಹಬ್ಬಕ್ಕೆ, ಬೇಸರಕ್ಕೆ ಬಳ್ಳಾರಿಗೆ ಬರುತ್ತಾರೆ. ಅವರ ಓಣಿಯ ಹಿಂದಿನ ಹಳೆಯ ಅಕ್ಕಿ ಗಿರಣಿಯನ್ನು ಕೆಡವುತ್ತಿದ್ದರು. ಗಿರಣಿಯ ಅಟ್ಟಕ್ಕೆ ಒಂದೂವರೆ ಇಂಚು ದಪ್ಪದ ಸಾಗುವಾನಿ ಹಲಗೆ ಹಾಸಿದ್ದರು. ಅವ್ವ ತಾವೇ ಹೋಗಿ ಹಲಗೆಗಳ ಮೇಲೆ ನಡೆದು ನೋಡಿ, ಮಾತಾಡಿ ಮುಗಿಸಿ, ಅವನ್ನು ಹೇರಿದ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಬಳ್ಳಾರಿಗೆ ಬಂದರು. ದಾರಿಯಲ್ಲಿ ಯಾರಾದರೂ ಹಲಗೆ ಬದಲಿಸಿಯಾರು ಎಂಬ ಅನುಮಾನ ಅವರಿಗಿತ್ತು.

ಹಲಗೆಗಳನ್ನು ಇಳಿಸಿದಾಗ ಅವುಗಳ ಸಂದಿಯಿಂದ ತವುಡು ಉದುರಿತು. ಮೂರು ಕಡೆ ಅಚ್ಚುಕಟ್ಟಾದ ಚೌಕ ತೂತುಗಳಿದ್ದವು. ಗಿರಣಿಯಲ್ಲಿ ಅಟ್ಟದಿಂದ ಕೆಳಗಿನ ಯಂತ್ರಕ್ಕೆ ಭತ್ತ ಬೀಳಲು ಮಾಡಿದ್ದ ಬಾಯಿಗಳು ಅವು. ಬಡಗಿ ಉಳಿಕೆ ಹಲಗೆಯನ್ನೆಲ್ಲ ಬಳಸಿ ಆ ಮೂರು ಬಾಯಿಗಳನ್ನು ಗುರುತು ಸಿಗದಂತೆ ಮುಚ್ಚಿದರು. ಅದಕ್ಕೇ ಅವರಿಗೆ ಎರಡು ದಿನ ಹಿಡಿಯಿತು.

ಬಡಗಿ ಅಕ್ಕನ ತವರೂರಿನವರು. ನಮ್ಮದು ಕುರುಗೋಡು. ಅವರದೊಂದು ಪದ್ಧತಿ ಇದೆ. ಕೆಲಸ ಶುರು ಮಾಡುವ ಮುನ್ನ ಪ್ರತಿಯೊಂದು ಪ್ರಶ್ನೆಯನ್ನೂ ಎರಡು ಸಲ ಕೇಳುತ್ತಾರೆ. ಎರಡನೆಯ ಉತ್ತರ ಸಿಕ್ಕ ಮೇಲೆ ಆ ವಿಷಯ ಅವರ ಪಾಲಿಗೆ ಮುಗಿಯಿತು. ನೆಲ ಹಾಸುವ ದಿನ ಅವರು ಭಾವನನ್ನು ಕೇಳಿದರು:

"ಈ ಕಲ್ಲಿನ ಕೆಳಗ ಏನರ ಐತೇನ್ರಿ? ಪೈಪು, ಗುಂಡಿ, ಸಂಪು?"

ಅವ್ವ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಭಾವ ಅವರ ಕಡೆ ಒಮ್ಮೆ ನೋಡಿದರು.

"ಏನಿಲ್ರಿ. ಸಂಪು ಹೊರಗೈತಿ, ಈಶಾನ್ಯದಾಗ."

"ಖರೇನ? ಆಮ್ಯಾಲೆ ಇಲ್ಲಿ ಐತಿ, ಅಲ್ಲಿ ಐತಿ ಅನಬಾರದು."

"ಹೊರಗೈತ್ರಿ. ಬೇಕಾದ್ರ ನಮ್ಮವ್ವನ ಕೇಳ್ರಿ."

"ನಾನಾ ಪೂಜಿ ಮಾಡೀನಪ್ಪಾ," ಎಂದರು ಅವ್ವ, ಶೇಂಗಾ ಬಿಡದೆ. "ವರ್ಷಾ ಯುಗಾದಿಗೆ ಮಾಡ್ತೀನಿ."

ಬಡಗಿ ಕೆಳಗೆ ಸಾಲಾಗಿ ಅಡ್ಡಪಟ್ಟಿಗಳನ್ನು ಕೂರಿಸಿ, ಅವುಗಳ ಮೇಲೆ ಹಲಗೆ ಬಡಿದರು. ಆ ಹೊತ್ತಿಗೆ ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಮಾಹಿತಿ ಕೊಟ್ಟವರು ಒಬ್ಬರು, ಅದನ್ನು ದೃಢಪಡಿಸಿದವರು ಅವರ ತಾಯಿ. ಇಂಥ ಸುದ್ದಿಯನ್ನು ತರಬೇತಿಯ ಹುಡುಗರು ತಂದರೆ ನಾನು ವಾಪಸ್ ಕಳಿಸುತ್ತೇನೆ. ಆ ದಿನ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೇಲೆ ಹೇಳಿದ ನನ್ನ ಪಾಲು ಇದು.

ಇಲ್ಲಿ ಸಂಪಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ನಲ್ಲಿ ನೀರು ಬರುವುದು ಎಂಟು ಹತ್ತು ದಿನಕ್ಕೊಮ್ಮೆ. ಬಂದಾಗ ನೆಲದಡಿಯ ಸಂಪು ತುಂಬಿಸಿಕೊಂಡು, ಅಲ್ಲಿಂದ ಮೋಟರಿನಲ್ಲಿ ಮೇಲಿನ ಟ್ಯಾಂಕಿಗೆ ಎತ್ತಿಕೊಳ್ಳಬೇಕು. ಆದ್ದರಿಂದ ಮನೆ ಕಟ್ಟುವವರು ಮೊದಲು ಸಂಪು ತೋಡುತ್ತಾರೆ, ಆಮೇಲೆ ಗೋಡೆ ಎಬ್ಬಿಸುತ್ತಾರೆ. ವಾಸ್ತು ಪ್ರಕಾರ ನೀರು ಈಶಾನ್ಯ ಮೂಲೆಯಲ್ಲಿರಬೇಕು. ಅಕ್ಕನ ಮನೆಯ ಈಶಾನ್ಯದಲ್ಲಿ, ಕಾಂಪೌಂಡಿನ ಒಳಗೆ, ಕಬ್ಬಿಣದ ಒಂದು ದುಂಡು ಮುಚ್ಚಳ ಇತ್ತು. ಇಪ್ಪತ್ತು ವರ್ಷದಿಂದ ಪ್ರತಿ ಯುಗಾದಿಯ ಬೆಳಿಗ್ಗೆ ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆ ಇಟ್ಟು, ಕಾಯಿ ಒಡೆದು ಗಂಗೆ ಪೂಜೆ ಮಾಡುತ್ತಿದ್ದರು.

ಆ ವರ್ಷದ ಯುಗಾದಿ ಭಾನುವಾರ. ಪೂಜೆ ಆಯಿತು. ಸೋಮವಾರ ಬೆಳಿಗ್ಗೆ ಮೋಟರ್ ಹಾಕಿದರೆ ಓಡುವ ಸದ್ದು ಬಂತು, ನೀರು ಬರಲಿಲ್ಲ. ಪ್ಲಂಬರ್ ಬಂದು ಮೋಟರಿಗೆ ಕಿವಿಗೊಟ್ಟು ಕೇಳಿ, ಫುಟ್‌ವಾಲ್ವ್ ಹೋಗಿದೆ ಎಂದ. ಫುಟ್‌ವಾಲ್ವ್ ಎಂದರೆ ಸಂಪಿನೊಳಗೆ ಪೈಪಿನ ತುದಿಗೆ ಇರುವ ಸಾಧನ. ಪೈಪಿಗೆ ಏರಿದ ನೀರು ಕೆಳಗೆ ಜಾರದಂತೆ ಹಿಡಿದಿಡುತ್ತದೆ. ಅದನ್ನು ಬದಲಿಸಲು ಸಂಪಿಗೆ ಇಳಿಯಲೇಬೇಕು.

"ಸಂಪು ಎಲ್ಲೈತ್ರಿ?"

"ಬಾರಪ್ಪಾ, ತೋರಿಸ್ತೀನಿ," ಎಂದು ಅವ್ವ ಮುಂದೆ ನಡೆದರು. ಮುಚ್ಚಳದ ಹತ್ತಿರ ಹೋದ ಮೇಲೆ ತಾವೂ ಚಪ್ಪಲಿ ಬಿಟ್ಟು, ಅವನಿಂದಲೂ ಬಿಡಿಸಿದರು.

ಪ್ಲಂಬರ್ ಮುಚ್ಚಳವನ್ನು ನೋಡಿದ, ಮೋಟರನ್ನು ನೋಡಿದ. "ಅಲ್ಲವ್ವಾ, ಸಂಪು ಇಲ್ಲಿದ್ರ ಪೈಪು ಯಾಕ ಆ ಕಡೆ ಹೋಗೈತಿ?"

"ಅದು ನಿನಗ ಗೊತ್ತಿರಬೇಕು. ನೀನಲ್ಲೇನು ಪ್ಲಂಬರು?"

ದಿನಾ ಆ ಹೊತ್ತಿನಲ್ಲಿ ಪೇಪರ್ ಬಿಟ್ಟು ಏಳದ ಭಾವ ಅಂದು ಓಡುತ್ತ ಬಂದರು. ನಿವೃತ್ತ ಗುಮಾಸ್ತರು, ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ತಡೀರಿ, ತಡೀರಿ! ತುಕ್ಕು ಹಿಡದೈತಿ. ಮುರದ್ರ ಇಂಥಾ ಮುಚ್ಚಳ ಈಗ ಸಿಗಂಗಿಲ್ಲ."

"ಹೊಸಾದು ಹಾಕಿಸೋಣಂತ."

"ಇವತ್ತು ದಿನಾನೂ ಅಷ್ಟು ಚಲೋ ಇಲ್ಲಬೇ."

"ನಿನ್ನಿ ಯುಗಾದಿ ಆಗೈತಿ. ಇದಕ್ಕಿಂತ ಚಲೋ ದಿನ ಯಾವ ಪಂಚಾಂಗದಾಗ ಹುಡುಕ್ಲಿ? ತೆಗೀಪಾ ನೀನು," ಎಂದರು ಅವ್ವ.

ಪ್ಲಂಬರ್ ಹಾರೆ ಹಾಕಿ ಮೀಟಿದ. ನಾಲ್ಕನೆಯ ಮೀಟಿಗೆ ಮುಚ್ಚಳ ಅರಿಸಿನ, ಮಾವಿನೆಲೆ ಸಮೇತ ಎದ್ದುಬಂತು. ಕೆಳಗೆ ಒಂದು ಗೇಣು ಮರಳು, ಅದರ ಕೆಳಗೆ ಕಪ್ಪು ಬಂಡೆ. ಪ್ಲಂಬರ್ ಹಾರೆಯಿಂದ ಕುಟ್ಟಿದ. ಕಿಡಿ ಹಾರಿತು.

"ಇದೇಂಟಿ, ಬಂಡ ಉಂದಿ!" ಎಂದು ಅವನು ತೆಲುಗಿನಲ್ಲಿ ಉದ್ಗಾರ ತೆಗೆದು, ಆಮೇಲೆ ನಮಗಾಗಿ ಕನ್ನಡದಲ್ಲಿ ಹೇಳಿದ: "ಇಲ್ಲಿ ನೀರೂ ಇಲ್ಲ, ಗುಂಡೀನೂ ಇಲ್ರಿ. ಬರೇ ಕಲ್ಲೈತಿ."

ಅವ್ವ ಬಗ್ಗಿ ನೋಡಿದರು. "ನೀರು ಕೆಳಗ ಇಳದಾವೇನೋ?"

"ಕಲ್ಲಿನ್ಯಾಗ ಎಲ್ಲಿಗೆ ಇಳೀಬೇಕವ್ವಾ?"

ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿಕೆ ಕೊಟ್ಟರು. ಸಾರಾಂಶ ಇಷ್ಟು: ಮನೆ ಕಟ್ಟುವಾಗ ಈಶಾನ್ಯದಲ್ಲಿ ಮೂರು ದಿನ ಅಗೆಸಿದರು, ಎರಡು ಹಾರೆಗಳ ಮೊನೆ ಹೋಯಿತು, ಬಂಡೆ ಜಗ್ಗಲಿಲ್ಲ. ಮನೆಗಳ ನಡುವೆ ಮದ್ದು ಇಟ್ಟು ಸಿಡಿಸುವಂತಿರಲಿಲ್ಲ. ಅದೇ ವಾರ ಸಿರುಗುಪ್ಪದಿಂದ ಅವ್ವ ಫೋನ್ ಮಾಡಿ, ಸಂಪು ಈಶಾನ್ಯದಲ್ಲಿ ಇಲ್ಲದಿದ್ದರೆ ಗೃಹಪ್ರವೇಶಕ್ಕೆ ತಾನು ಹೊಸ್ತಿಲು ದಾಟುವುದಿಲ್ಲ ಎಂದರು. ಭಾವ ಮೇಸ್ತ್ರಿಗೆ ಹೇಳಿ ಆಗ್ನೇಯ ಮೂಲೆಯ ಸ್ಕೂಟರ್ ಶೆಡ್ಡಿನಲ್ಲಿ ಸಂಪು ತೋಡಿಸಿದರು. ಅದರ ಬಾಯಿಗೆ ಉಳಿದ ನೆಲದಂಥದೇ ಕಡಪ ಕಲ್ಲು ಮುಚ್ಚಿಸಿದರು. ಅಂಗಡಿಯಿಂದ ಕಬ್ಬಿಣದ ಮುಚ್ಚಳ ತಂದು ಈಶಾನ್ಯದ ಬಂಡೆಯ ಮೇಲೆ ಸಿಮೆಂಟು ಹಾಕಿ ಕೂರಿಸಿದರು. ಒಂದು ತಿಂಗಳು ಬಿಟ್ಟು ನಿಜ ಹೇಳುವ ಯೋಚನೆ ಇತ್ತು. ಅಷ್ಟರಲ್ಲಿ ಅವ್ವ ಪೂಜೆ ಶುರು ಮಾಡಿಬಿಟ್ಟಿದ್ದರು.

"ಸಂಪು ತೊಳಿಯಾದು?" ಎಂದು ಅಕ್ಕ ಕೇಳಿದಳು. ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವವಳು ಅವಳು.

"ಶೆಡ್ಡು ಇರೋತನಕ ಮೇ ತಿಂಗಳಾಗ ನೀನು ಕುರುಗೋಡಿಗೆ ಹೋದಾಗ ತೊಳಸ್ತಿದ್ದೆ. ಆಮ್ಯಾಲೆ ಬಿಟ್ಟೆ."

"ಶೆಡ್ಡು ಕೆಡವಿ ಹಾಲ್ ಮಾಡಿದಾಗ?"

"ಆಗ ಹೇಳಬೇಕಂತಿದ್ದೆ. ಆವತ್ತ ಅವ್ವ ಬಂದ್ಲು."

"ಹಲಗಿ ಹಾಕಾಗ? ಬಡಿಗೇರ್ರು ಕೇಳಿದಾಗ?"

"ಆವತ್ತೂ ಅವ್ವ ಇದ್ಲಲ್ಲಾ."

ಅವ್ವ ಮುಚ್ಚಳದ ಪಕ್ಕದಲ್ಲೇ ನಿಂತಿದ್ದರು. "ಇಪ್ಪತ್ತು ವರ್ಷ, ಲೇ! ಕಲ್ಲಿಗೆ ಕಾಯಿ ಒಡಿಸೀಯಲ್ಲೋ ನನ್ನ ಕೈಲೆ!"

"ಎಲ್ಲಾರೂ ಪೂಜಿ ಮಾಡಾದು ಕಲ್ಲಿಗೇ ಅಲ್ಲೇನಬೇ?"

"ಗುಡಿಯಾಗಿನ ಕಲ್ಲು ನಿನ್ನ ಮನಿ ನಲ್ಲಿಗೆ ನೀರು ಬಿಡ್ತೀನಿ ಅಂದಿಲ್ಲ."

ಪ್ಲಂಬರ್ ನಕ್ಕ. ಅಕ್ಕ ನಗಲಿಲ್ಲ. ಅವಳು ಒಳಗೆ ಹೋಗಿ ಹಾಲ್‌ನ ನಟ್ಟನಡುವೆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಾವು ಬಾಗಿಲಲ್ಲಿ ನಿಂತೆವು.

"ಯಾರೂ ಗರಗಸ ತರಂಗಿಲ್ಲ," ಎಂದಳು.

ಅವಳ ಭಯಕ್ಕೆ ಕಾರಣವಿತ್ತು. ಸಿರುಗುಪ್ಪದ ಗಿರಣಿಯ ಹಲಗೆ ಪೂರ್ತಿ ಖಾಲಿಯಾಗಿತ್ತು. ಉಳಿದ ತುಂಡುಗಳೆಲ್ಲ ಆ ಮೂರು ತೂತು ಮುಚ್ಚಲು ಹೋಗಿದ್ದವು. ಕೊಯ್ಯುವುದು ತಪ್ಪಾದರೆ ಮುಚ್ಚಲು ಅಂಥ ಮರವಿಲ್ಲ. ಸರಿಯಾಗಿ ಕೊಯ್ದರೂ, ಆ ಜಾಗ ಒಂದು ಎಳೆಯಷ್ಟು ಏರಿದರೆ ಅಥವಾ ಇಳಿದರೆ ಬರಿಗಾಲಲ್ಲಿ ಕುಣಿಯುವವರು ಎಡವುತ್ತಾರೆ. ನೆಲ ಹೋದರೆ ಅವಳಿಗೆ ಉಳಿಯುವುದು ಮತ್ತೆ ಕಡಪ ಕಲ್ಲು, ಇಲ್ಲವೇ ಡಾಕ್ಟರು ಹೇಳಿದ ಎರಡನೆಯ ದಾರಿ. ಹಬ್ಬದ ರಜೆ ಮುಗಿದು ಕ್ಲಾಸು ಮುಂದಿನ ಸೋಮವಾರ ಶುರುವಾಗಬೇಕಿತ್ತು.

ಪ್ಲಂಬರ್ ಬೇರೆ ದಾರಿ ಹುಡುಕಿದ. ಹೊರಗಿನಿಂದ ಸಂಪಿನ ಪಕ್ಕ ಅಗೆಯಬಹುದು ಎಂದ. ಹೋಗಿ ನೋಡಿದರೆ ಆ ಬದಿಯಲ್ಲಿ ಪಕ್ಕದ ಮನೆಯ ಗೋಡೆ ಇತ್ತು, ಗೋಡೆಯ ಮೇಲೆ ಪಕ್ಕದ ಮನೆಯವರು ಇದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗೋಡೆ ಮುಟ್ಟಬೇಡಿ, ಎಷ್ಟು ಕೊಡ ನೀರು ಬೇಕಾದರೂ ಕೊಡುತ್ತೇವೆ ಎಂದರು.

ಕೊಯ್ಯುವುದೇ ಆದರೆ ಹಾಸಿದವರೇ ಕೊಯ್ಯಲಿ ಎಂದು ಕೊನೆಗೆ ಅಕ್ಕ ಒಪ್ಪಿದಳು. ಬಡಗಿ ಮಂಗಳವಾರ ಮೊದಲ ಬಸ್ಸಿಗೆ ಕುರುಗೋಡಿನಿಂದ ಬಂದರು, ಪ್ಲಂಬರ್ ಕೂಡ ಮತ್ತೆ ಬಂದ. ಬಡಗಿ ಚೀಲ ಕೆಳಗಿಟ್ಟು ಭಾವನ ಎದುರು ನಿಂತರು.

"ಎರಡು ಸಲ ಕೇಳಿದ್ದೆ."

"ಹೂಂ," ಎಂದರು ಭಾವ.

"ಎರಡು ಸಲ ಹೇಳಿದ್ರಿ."

"ಹೂಂ."

ಆ ವಿಷಯ ಅಲ್ಲಿಗೆ ಮುಗಿಯಿತು. ಅವರು ಮುಂದಿನ ಪ್ರಶ್ನೆಗೆ ಬಂದರು. ಸಂಪಿನ ಬಾಯಿ ಹಾಲ್‌ನಲ್ಲಿ ಎಲ್ಲಿದೆ?

ಭಾವ ಆತ್ಮವಿಶ್ವಾಸದಿಂದ ನಡೆದು ಹೋಗಿ ಒಂದು ಕಡೆ ನಿಂತರು. "ಇಲ್ಲಿ. ಸ್ಕೂಟರ್ ನಿಲ್ಲಿಸಿದ್ರ ಹಿಂದಿನ ಗಾಲಿ ಬರಾಬರಿ ಅದರ ಮ್ಯಾಲೆ ಬರ್ತಿತ್ತು." ಬಡಗಿ ಸೀಮೆಸುಣ್ಣದಿಂದ ಅಲ್ಲೊಂದು ಗೀಟು ಹಾಕಿದರು.

"ಯಾವ ಸ್ಕೂಟರು?" ಎಂದಳು ಅಕ್ಕ. "ಹಳೇದಾ, ನಡುವಿನದಾ?"

ಭಾವ ಯೋಚಿಸಿದರು. ಎರಡೂ ಸ್ಕೂಟರುಗಳ ಉದ್ದ ಬೇರೆ. ಹಳೆಯದನ್ನು ಅವರು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು, ಇನ್ನೊಂದನ್ನು ರಸ್ತೆಗೆ ಮುಖ ಮಾಡಿ. ಗೀಟು ಅನುಮಾನಕ್ಕೆ ಒಳಗಾಯಿತು.

ಮನೆ ಕಟ್ಟಿದ ಮೇಸ್ತ್ರಿ ಈಗ ಸಿರುಗುಪ್ಪದಲ್ಲಿದ್ದಾರೆ, ಅವರ ನಂಬರು ಭಾವನ ಬಳಿ ಇತ್ತು. ನಾನು ಸ್ಪೀಕರ್ ಹಾಕಿಸಿದೆ. ಎಲ್ಲರಿಗೂ ಕೇಳಲಿ ಎಂಬುದು ನನ್ನ ಉದ್ದೇಶ.

"ಮೇಸ್ತ್ರಿ, ನಮ್ಮ ಮನಿ ಸಂಪು ಎಲ್ಲಿ ಹಾಕಿದ್ದೆವು? ನೆನಪೈತೇನು?"

"ನೆನಪಿಲ್ದ ಏನ್ರೀ? ಈಶಾನ್ಯದಾಗ."

"ಅದಲ್ಲೋ. ಖರೇ ಸಂಪು."

"ಈಶಾನ್ಯದಾಗ್ರೀ ಸರ್."

"ಲೇ, ನಾನಾ ಮಾತಾಡಾಕತ್ತೀನಿ. ಶೆಡ್ಡಿನ್ಯಾಗ ಹಾಕಿದ್ವಲ್ಲಾ!"

ಆ ಕಡೆ ಮೇಸ್ತ್ರಿಯ ದನಿ ತಗ್ಗಿತು. "ಸರ್, ಯಾರಿಗೂ ಹೇಳಬ್ಯಾಡ ಅಂತ ನೀವಾ ಅಲ್ರಿ ಆಣಿ ಹಾಕಿಸಿದ್ದು? ಅವ್ವಾರು ಬಾಜು ಅದಾರೇನ್ರಿ?"

"ಅದೀನಿ, ಹೇಳು," ಎಂದರು ಅವ್ವ.

ಆಮೇಲೆ ಮೇಸ್ತ್ರಿ ಹೇಳಿದರು: "ಶೆಡ್ಡಿನ ಹಿಂದಿನ ಗ್ವಾಡಿಯಿಂದ ನನ್ನ ನಾಕು ಹೆಜ್ಜಿ, ಅವ್ವಾರ."

ಹಾಲ್ ಮಾಡುವಾಗ ಶೆಡ್ಡಿನ ಹಿಂದಿನ ಗೋಡೆಯನ್ನು ಕೆಡವಿದ್ದರು. ಆ ಗೋಡೆ ಎಲ್ಲಿತ್ತು ಎಂಬುದರ ಬಗ್ಗೆ ಅಕ್ಕ ಒಂದು ಹೇಳಿದಳು, ಭಾವ ಒಂದು ಹೇಳಿದರು. ಮೇಸ್ತ್ರಿಯ ಹೆಜ್ಜೆ ಎಷ್ಟು ಉದ್ದ ಎಂದು ಕೇಳಿದರೆ, ಮಂಡಿ ಹಿಡಿದ ಮೇಲೆ ತಮ್ಮ ಹೆಜ್ಜೆ ಮೊದಲಿನಂತಿಲ್ಲ ಎಂದು ಅವರೇ ಒಪ್ಪಿಕೊಂಡರು. ಅಂದಾಜಿನ ಮೇಲೆ ಬಡಗಿ ಎರಡನೆಯ ಗೀಟು ಹಾಕಿದರು. ಅದು ಮೊದಲನೆಯದರಿಂದ ಐದಡಿ ದೂರ ಬಿತ್ತು.

"ಎರಡು ಗೀಟು ಇಟ್ಕೊಂಡು ನಾನು ಗರಗಸ ಹಚ್ಚಂಗಿಲ್ಲ," ಎಂದು ಬಡಗಿ ಕೊಡತಿ ತೆಗೆದು ನೆಲವನ್ನು ಬಡಿಯುತ್ತ ಹೋದರು. ಟೊಳ್ಳು ಸದ್ದು ಎಲ್ಲಿ ಬರುತ್ತದೋ ಅಲ್ಲಿ ಬಾಯಿ. ಆದರೆ ಹಲಗೆಗಳನ್ನು ಅಡ್ಡಪಟ್ಟಿಗಳ ಮೇಲೆ ಎತ್ತರಿಸಿ ಹಾಸಿದ್ದರಿಂದ ಇಡೀ ಹಾಲ್ ಟೊಳ್ಳು ಸದ್ದೇ ಕೊಟ್ಟಿತು. ಅವರು ಕೊಡತಿಯನ್ನು ಚೀಲಕ್ಕೆ ಹಾಕಿದರು.

ಅಕ್ಕ ಆಗ ಹೇಳಿದಳು: "ಮೂರನೇ ಸಾಲು. ಕಿಟಕಿ ಕಡೆಯಿಂದ ಎರಡನೇ ಜಾಗಾ."

"ಏನು ಮೂರನೇ ಸಾಲು?" ಎಂದೆ ನಾನು.

"ಅಲ್ಲಿ ತಟ್ಟು ಸರಿ ಬರಂಗಿಲ್ಲ, ತಮ್ಮಾ."

ಅವಳು ಹೇಳಿದ್ದು ಹೀಗೆ. ಹೊಸ ನೆಲದ ಮೇಲೆ ಕ್ಲಾಸು ಶುರುವಾದಾಗಿನಿಂದ ಮೂರನೆಯ ಸಾಲಿನ ಆ ಜಾಗದಲ್ಲಿ ನಿಲ್ಲುತ್ತಿದ್ದ ಹುಡುಗಿಯ ಕಾಲಿನ ಸದ್ದು ಉಳಿದವರ ಸದ್ದಿನೊಂದಿಗೆ ಕೂಡುತ್ತಿರಲಿಲ್ಲ. ಮಂದವಾಗಿ, ಒಂದು ಕ್ಷಣ ತಡವಾಗಿ ಎದ್ದಂತೆ ಕೇಳುತ್ತಿತ್ತು. ಅಕ್ಕ ಬೈದಳು. ಪಾದ ಪೂರ್ತಿ ಊರು, ಸೋಮಾರಿತನ ಬೇಡ ಎಂದಳು. ಅವಳನ್ನು ಮೊದಲ ಸಾಲಿಗೆ ತಂದು ನಿಲ್ಲಿಸಿದಾಗ ತಟ್ಟು ಸರಿಯಾಯಿತು. ಬೈಗುಳ ಫಲ ಕೊಟ್ಟಿತು ಎಂದು ಅಕ್ಕ ತಿಳಿದಳು. ಆ ಜಾಗಕ್ಕೆ ಬಂದ ಇನ್ನೊಬ್ಬಳ ತಟ್ಟೂ ಕೆಟ್ಟಿತು. ಹಿಂದಿನ ಸಾಲಿಗೆ ಹೋದವರೆಲ್ಲ ಸೋಮಾರಿಗಳಾಗುತ್ತಾರೆ ಎಂದು ಅವಳನ್ನೂ ಬೈದಳು. ನೀರು ಬರುವ ಹಿಂದಿನ ದಿನಗಳಲ್ಲಿ, ಅಂದರೆ ಸಂಪು ಬರಿದಾಗುತ್ತ ಬಂದಾಗ, ಸದ್ದು ಇನ್ನೂ ಕೆಡುತ್ತಿತ್ತು. ಆ ಎರಡನೆಯ ಹುಡುಗಿ ಫೆಬ್ರವರಿಯಲ್ಲಿ ಕ್ಲಾಸು ಬಿಟ್ಟಿದ್ದಳು.

"ಸಂಪಿಗೆ ಬೈಯೋದು ಬಿಟ್ಟು ಹುಡುಗ್ಯಾರಿಗೆ ಬೈದೀನಿ," ಎಂದಳು ಅಕ್ಕ. ಆಮೇಲೆ ಗುರುವಿನ ದನಿಯಲ್ಲಿ, "ಯಾವ ಹಲಗಿ ಅಂತ ಗೊತ್ತಾಗಬೇಕು. ಎಲ್ಲಾರೂ ಸಾಲಾಗಿ ನಿಲ್ರಿ," ಎಂದಳು.

ಯಾರು ಎಲ್ಲಾರೂ ಎಂದು ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಭಾವ, ಬಡಗಿ, ಪ್ಲಂಬರ್, ನಾನು.

"ನಾನು ಪೈಪಿನ ಕೆಲಸಕ್ಕ ಬಂದೀನಕ್ಕಾ," ಎಂದ ಪ್ಲಂಬರ್.

"ಇದೂ ಪೈಪಿನ ಕೆಲಸಾನ. ಚಪ್ಪಲಿ ಬಿಡು. ಮಂಡಿ ಬಗ್ಗಿಸು."

ಅಕ್ಕ ತಾಳದ ಮಣೆ ಮುಂದಿಟ್ಟುಕೊಂಡು ಕೋಲು ಹಿಡಿದು ಕೂತಳು. ಕಣ್ಣು ಮುಚ್ಚಿದಳು. "ತೈಯಾ ತೈ" ಎಂದು ಕೋಲು ತಟ್ಟಿದಾಗ ನಾಲ್ಕು ಜನ ಗಂಡಸರು ಬಲಗಾಲು ಎತ್ತಿ ಇಡಬೇಕು, ಆಮೇಲೆ ಎಡಗಾಲು. ಒಂದು ಸುತ್ತು ಮುಗಿದ ಮೇಲೆ ಇಡೀ ಸಾಲು ಒಂದು ಹಲಗೆಯಷ್ಟು ಹಿಂದೆ ಸರಿಯಬೇಕು. ಮೊದಲ ಸುತ್ತಿನಲ್ಲಿ ಭಾವ ಎಡಗಾಲಿನಿಂದ ಶುರು ಮಾಡಿದರು. ಎರಡನೆಯ ಸುತ್ತಿನಲ್ಲಿ ಪಂಚೆಯನ್ನು ಕಾಲಿಗೆ ತೊಡರಿಸಿಕೊಂಡರು.

"ಇವಂದು ಹುಟ್ಟಿದಾಗಿಂದ ಹಿಂಗ," ಎಂದರು ಕುರ್ಚಿಯಲ್ಲಿದ್ದ ಅವ್ವ. "ನಡಿಯಾಕ ಕಲತದ್ದೂ ತಡಾನ."

"ಮಾತು ಬ್ಯಾಡ ಅವ್ವಾ, ಸದ್ದು ಕೇಳಸ್ವಲ್ದು," ಎಂದಳು ಅಕ್ಕ. ಅತ್ತೆಗೆ ಅವಳು ಸುಮ್ಮನಿರು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾಲ್ವರಲ್ಲಿ ಬಡಗಿಯ ಕಾಲು ಮಾತ್ರ ತಾಳ ತಪ್ಪಲಿಲ್ಲ. ನನ್ನದರ ಬಗ್ಗೆ ಅಕ್ಕ ಹೇಳಿದ್ದು: "ಲೇ, ನೀನು ಸ್ಟಾಂಪ್ ಹೊಡಿಯಾಕತ್ತಿಲ್ಲ, ಕಾಲು ಇಡು." ಐದನೆಯ ಸುತ್ತಿಗೆ ಪಕ್ಕದ ಮನೆಯವರು ಕೊಡ ಹೊತ್ತು ಬಂದು ಬಾಗಿಲಲ್ಲಿ ನಿಂತರು. ನೋಡಿದರು. ಕೊಡವನ್ನು ಸದ್ದಾಗದಂತೆ ಇಳಿಸಿ, ಹೋಗದೆ ಅಲ್ಲೇ ಉಳಿದರು.

ಎಂಟನೆಯ ಸುತ್ತಿನಲ್ಲಿ ಅಕ್ಕ ಕೋಲು ನಿಲ್ಲಿಸಿದಳು. "ಪ್ಲಂಬರಾ, ಇನ್ನೊಮ್ಮೆ. ನೀನೊಬ್ಬನ."

ಪ್ಲಂಬರ್ ತಟ್ಟಿದ.

"ಬಡಿಗೇರ್ರ, ಅವನ ಜಾಗಕ್ಕ ನೀವು ಬರ್ರಿ."

ಬಡಗಿ ತಟ್ಟಿದರು. ಈ ಸಲ ನನಗೂ ವ್ಯತ್ಯಾಸ ಕೇಳಿಸಿತು. ಕೇಳಿಸಿತು ಎಂದು ಈಗ ಅನಿಸುತ್ತಿರಬಹುದು, ಖಚಿತವಾಗಿ ಹೇಳಲಾರೆ. ಅಕ್ಕ ಎದ್ದು ಬಂದು ಬಡಗಿಯ ಪಾದದ ಸುತ್ತ ಸೀಮೆಸುಣ್ಣದಿಂದ ಗೀಟೆಳೆದಳು. ಭಾವನ ಗೀಟಿನಿಂದ ಅದು ಒಂದೂವರೆ ಅಡಿ ದೂರದಲ್ಲಿತ್ತು, ಮೇಸ್ತ್ರಿಯದರಿಂದ ನಾಲ್ಕಡಿ.

ಬಡಗಿ ಕೂಡಲೇ ಕೊಯ್ಯಲಿಲ್ಲ. ಪೆನ್ಸಿಲ್ ದಪ್ಪದ ಒಂದು ತೂತು ಕೊರೆದರು. ಅದರಲ್ಲಿ ನೀರು ಸುರಿದು ನೋಡೋಣ ಎಂದರು. ಕೆಳಗಿರುವುದು ಬರೀ ನೆಲವಾದರೆ ನೀರು ಹರಡಿ ಸುಮ್ಮನಾಗುತ್ತದೆ. ಬಾಯಿಗೆ ಮುಚ್ಚಿದ ಕಲ್ಲಾದರೆ ಅದರ ಸಂದಿ ಹಿಡಿದು ಕೆಳಗೆ ಬೀಳುತ್ತದೆ. ಪಕ್ಕದ ಮನೆಯ ಕೊಡಕ್ಕೆ ನಾನು ಕೈ ಹಾಕಿದೆ.

"ಅದು ಬ್ಯಾಡ," ಎಂದು ಅವ್ವ ಎದ್ದು ದೇವರ ಮನೆಗೆ ಹೋದರು. ಭಾನುವಾರದ ಗಂಗೆ ಪೂಜೆಯ ಚೊಂಬಿನ ನೀರು ಹಾಗೇ ಇತ್ತು. ಅದನ್ನು ತಂದು, ಸೆರಗು ಸರಿ ಮಾಡಿಕೊಂಡು, ಮಂಡಿ ಊರಿ ಕೂತು, ತಾವೇ ತೂತಿಗೆ ಸುರಿದರು.

ನಾವೆಲ್ಲ ನೆಲಕ್ಕೆ ಕಿವಿ ಇಟ್ಟೆವು. ಮೊದಲು ಏನೂ ಇಲ್ಲ. ಆಮೇಲೆ ಆಳದಲ್ಲಿ ನೀರಿಗೆ ನೀರು ಬಿದ್ದ ಸದ್ದು. ಟಪ್. ಮತ್ತೆ ಎರಡು ಸಲ.

"ಬಂದ್ಲು," ಎಂದರು ಅವ್ವ.

ಬುಧವಾರ ಬೆಳಿಗ್ಗೆ ಬಡಗಿ ಕೊಯ್ದರು. ಎರಡು ಅಡ್ಡಪಟ್ಟಿಗಳ ನಡುವೆ, ಪಟ್ಟಿಗೆ ಗಾಯವಾಗದಂತೆ. ಅಂಚನ್ನು ನೇರವಾಗಿ ಕೊಯ್ಯದೆ ಒಳಮುಖವಾಗಿ ಓರೆ ಮಾಡಿದರು. ಹಾಗೆ ಮಾಡಿದರೆ ಮುಚ್ಚಳ ಮೇಲಿನಿಂದ ಕೂರುತ್ತದೆ, ಒಳಗೆ ಬೀಳುವುದಿಲ್ಲ. ಕೊಯ್ದ ಹಲಗೆ ತುಂಡುಗಳನ್ನು ಇದ್ದ ಕ್ರಮದಲ್ಲೇ ಅಡಿಯಿಂದ ಜೋಡಿಸಿ ಮುಚ್ಚಳ ಮಾಡಿದರು. ಮರದ ಗೆರೆಗಳು ಈ ಬದಿಯಿಂದ ಆ ಬದಿಗೆ ತಪ್ಪದೆ ಸಾಗಿದವು. ಎತ್ತಲು ಹಿಡಿ ಹಾಕುವಂತಿಲ್ಲ, ಕಾಲಿಗೆ ತಾಗುತ್ತದೆ. ಬೆರಳು ಹೋಗುವಷ್ಟು ತೂತು ಮಾಡಿ, ಅದಕ್ಕೆ ಸಾಗುವಾನಿಯದೇ ಒಂದು ಬಿರಡೆ ಕೆತ್ತಿದರು. ಕೆಳಗಿನ ಕಡಪ ಕಲ್ಲು ಭಾವನ ಮಾತಿನಂತೆಯೇ ಉಳಿದ ನೆಲದ ಕಲ್ಲಿನಂತಿತ್ತು. ಅದನ್ನು ಎತ್ತಿದಾಗ ತಣ್ಣನೆಯ ಗಾಳಿ ಬಂತು. ಸಂಪು ಮುಕ್ಕಾಲು ತುಂಬಿತ್ತು. ಪ್ಲಂಬರ್ ಇಳಿದು ಫುಟ್‌ವಾಲ್ವ್ ಬದಲಿಸಿದ. ನಲ್ಲಿಗಳಲ್ಲಿ ನೀರು ಬಂತು.

ಬಡಗಿ ಚೀಲ ಕಟ್ಟಲು ಹೋದರು. ಅಕ್ಕ ಬಿಡಲಿಲ್ಲ. ಮುಚ್ಚಳದ ಮೇಲೆ ನಿಂತು ತಟ್ಟಿದಳು. ಪಕ್ಕದ ಹಲಗೆಯ ಮೇಲೆ ನಿಂತು ತಟ್ಟಿದಳು. "ಬ್ಯಾರೆ ಕೇಳಸ್ತೈತಿ," ಎಂದಳು.

"ಮುಚ್ಚಳ ಅಂದ ಮ್ಯಾಲೆ ಬ್ಯಾರೆ ಕೇಳಸ್ತೈತ್ರಿ ಅಕ್ಕಾರ."

"ಕೇಳಸಬಾರದು. ಇದರ ಮ್ಯಾಲೆ ನಿಂತಾಕಿಗೆ ನಾನು ಮತ್ತ ಬೈತೀನಿ."

ಬಡಗಿ ಗುರುವಾರವೂ ಬಂದರು, ಶುಕ್ರವಾರವೂ ಬಂದರು. ಮುಚ್ಚಳದ ಅಂಚಿಗೆ ಮೊದಲು ಗೋಣಿ ಪಟ್ಟಿ ಹಾಕಿ ನೋಡಿದರು, ಸದ್ದು ಸತ್ತೇಹೋಯಿತು. ಅಡಿಗೆ ಇನ್ನೊಂದು ಪಟ್ಟಿ ಕೊಟ್ಟರು, ಸದ್ದು ಗಡುಸಾಯಿತು. ಕೊನೆಗೆ ಸೈಕಲ್ ಟ್ಯೂಬನ್ನು ಸೀಳಿ ನಾಲ್ಕೂ ಬದಿಗೆ ಅಂಟಿಸಿದರು. ಅಕ್ಕ ಕಣ್ಣು ಮುಚ್ಚಿ ನಿಂತಳು. ಬಡಗಿ ಒಮ್ಮೆ ಮುಚ್ಚಳದ ಮೇಲೆ, ಒಮ್ಮೆ ಹೊರಗೆ ಕಾಲು ತಟ್ಟಿದರು. ಯಾವುದು ಯಾವುದೆಂದು ಅವಳು ಮೂರು ಸಲ ತಪ್ಪು ಹೇಳಿದಳು. ಆಗ ಅವರನ್ನು ಕುರುಗೋಡಿನ ಬಸ್ಸಿಗೆ ಬಿಟ್ಟಳು.

ಅವರು ಹೋಗುವ ಮುನ್ನ ಅವ್ವ ಮುಚ್ಚಳವನ್ನು ತಿರುವಿ ಹಾಕಿಸಿದರು. ಮೇಲ್ಭಾಗವನ್ನು ಮಕ್ಕಳು ತುಳಿಯುತ್ತಾರೆ, ಅಲ್ಲಿ ಹಚ್ಚುವಂತಿಲ್ಲ. ಅರಿಸಿನ ಕುಂಕುಮವನ್ನು ಅಡಿಭಾಗಕ್ಕೆ, ನೀರಿನ ಕಡೆಗೆ ಹಚ್ಚಿದರು. ಮಗನ ಜೊತೆ ಅವರು ಮತ್ತೆ ಮಾತಾಡಿದ್ದು ಭಾನುವಾರ. ಸಿರುಗುಪ್ಪದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಭಾವ ಹೇಳಿದ ಸಮಯವನ್ನು ನನ್ನ ಬಳಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

ಕ್ಲಾಸು ಸೋಮವಾರ ಶುರುವಾಯಿತು. ಫೆಬ್ರವರಿಯಲ್ಲಿ ಬಿಟ್ಟುಹೋಗಿದ್ದ ಹುಡುಗಿಯ ಮನೆಗೆ ಅಕ್ಕ ಅದಕ್ಕೆ ಮೊದಲೇ ಹೋಗಿ ಬಂದಿದ್ದಳು. ತಪ್ಪು ನಿನ್ನ ಕಾಲಿನದಲ್ಲ, ನಮ್ಮ ಮನೆಯವರದು ಎಂದಳಂತೆ. ಹುಡುಗಿ ಜೂನ್‌ನಲ್ಲಿ ತಿರುಗಿ ಬಂದಳು.

ಕಳೆದ ಶನಿವಾರ ಮಧ್ಯಾಹ್ನ ಫುಟ್‌ವಾಲ್ವ್ ಮತ್ತೆ ಕೆಟ್ಟಿತು. ಅಕ್ಕ ಬಿರಡೆ ತೆಗೆದು ಮುಚ್ಚಳ ಎತ್ತಿದಳು, ಪ್ಲಂಬರ್ ಇಳಿದು ಹೊಸದನ್ನು ಹಾಕಿದ, ಮುಚ್ಚಳ ಕೂರಿಸಿದರು. ಐದೂವರೆಯ ಕ್ಲಾಸು ಐದೂವರೆಗೆ ಶುರುವಾಯಿತು.